ಅಮ್ಮನ ಕಾಲಡಿ ನೀರು

"ಲೋ, ನನ್ನ ಚಪ್ಪಲಿ ಯಾಕೋ ಒದ್ದೆ ಆಗಿದೆ?"

ಮೂಡಿಗೆರೆ ದಾಟಿದ್ದೆವು. ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದು, ಹೊರಗೆ ಜುಲೈ ಮಳೆ. ಕೊಡೆ ನೀರಿರಬೇಕು ಅಮ್ಮ ಅಂದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿ ಮ್ಯಾಟ್ ಎತ್ತಿದರೆ, ಕಾರ್ಪೆಟ್ ಒತ್ತಿದ ಕಡೆಯೆಲ್ಲ ನೀರು ಉಕ್ಕುತ್ತಿತ್ತು.

ನಮ್ಮ ಕಾರು 2009ರ ಮಾಡೆಲ್. ನಾವು ಮೂರನೇ ಓನರ್. ಕೊಳ್ಳುವಾಗ ಎಂಜಿನ್ ಸದ್ದು ಕೇಳಿದ್ದೆ, ಹೊಗೆಯ ಬಣ್ಣ ನೋಡಿದ್ದೆ, ಕ್ಲಚ್ ತುಳಿದಿದ್ದೆ. ಬಾಡಿ ಮಾತ್ರ ನೋಡಲಿಲ್ಲ. ಫಳಫಳ ಹೊಳೀತಿತ್ತಲ್ಲ, ಇನ್ನೇನು ನೋಡೋದು!

ಹೋಟೆಲಿನವರು ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿಕೊಟ್ಟರು. ಹುಡುಗ ಬಗ್ಗಿ, ನೀರಲ್ಲಿ ಬೆರಳು ಅದ್ದಿ, ಉಜ್ಜಿ ಮೂಸಿದ. "ಎಸಿ ಹಾಕಿದ್ರಾ ಸಾರ್?" ಈ ಚಳೀಲಿ ಎಸಿ ಯಾರು ಹಾಕ್ತಾರೆ? "ಹಂಗಾದ್ರೆ ಎಸಿ ನೀರಲ್ಲ. ಅಂಟೂ ಇಲ್ಲ, ಸಿಹಿ ವಾಸನೆಯೂ ಇಲ್ಲ. ಎಂಜಿನ್ ತಣ್ಣಗಿಡೋ ಕೂಲೆಂಟೂ ಅಲ್ಲ. ಮಳೆ ನೀರೇ."

ಬಾನೆಟ್ ಎತ್ತಿ, ವೈಪರ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿದ. ಒಳಗೆ ಹೊಂಗೆ ಎಲೆ, ಹೊಂಗೆ ಹೂವು ಕೊಳೆತು ಕಾಫಿ ಚರಟದ ಹಾಗೆ ಕೂತಿತ್ತು. ಮನೆ ಮುಂದಿನ ಮರದ್ದು. ನೆರಳು ಅಂತ ದಿನಾ ಅದರಡಿಯೇ ನಿಲ್ಲಿಸುತ್ತಿದ್ದೆ. ಗಾಜಿನ ಮೇಲಿಂದ ಇಳಿದ ನೀರು ಅಲ್ಲಿರುವ ತೂತಿನಿಂದ ನೆಲಕ್ಕೆ ಹೋಗಬೇಕು. ತೂತು ಕಟ್ಟಿಕೊಂಡರೆ ತುಂಬಿ, ಗಾಳಿ ಬರೋ ದಾರೀಲಿ ಒಳಗೇ ಬರುತ್ತೆ. ಹುಡುಗ ಹಳೇ ಬ್ರೇಕ್ ಕೇಬಲ್ ತುಂಡು ತೂರಿಸಿ ಎರಡು ಸಲ ಆಡಿಸಿದ. ಚಕ್ರದ ಪಕ್ಕ ಬಳಬಳ ಅಂತ ಕಪ್ಪು ನೀರು ಸುರಿಯಿತು. ಇಷ್ಟಕ್ಕೆ 200 ರೂಪಾಯಿ. ಕೊಟ್ಟಿದ್ದು ಒಂಚೂರೂ ಜಾಸ್ತಿ ಅನ್ನಿಸಲಿಲ್ಲ.

ಕಾರ್ಪೆಟ್ ಕೆಳಗಿನ ಸ್ಪಂಜನ್ನೂ ಎತ್ತಿ ತೋರಿಸಿದ. ನೆಲದ ತಗಡು ಹಪ್ಪಳದ ಹಾಗೆ ಪದರ ಪದರ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಕುಟ್ಟಿದ, ಒಂದು ಕಡೆ ಅದು ಆಚೆಗೇ ಹೋಯಿತು. ಇದು ಒಂದು ಮಳೆಗಾಲದ ತುಕ್ಕಲ್ಲ ಸಾರ್ ಅಂದ.

ಅಮ್ಮ ಹಿಂದಿನ ಸೀಟಿಗೆ ಹೋಗಿ ಕಾಲು ಮಡಚಿ ಕೂತರು. ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿದೆವು. ತಿರುವಿನಲ್ಲಿ ಮುಂದಿನ ಚಕ್ರದಿಂದ ಕಟಕಟ ಅನ್ನುತ್ತಿತ್ತು. ಅದು ಆ್ಯಕ್ಸಲ್ ಜಾಯಿಂಟ್ ಇರಬಹುದು, ಇವತ್ತು ಅದರ ಸುದ್ದಿ ಬೇಡ ಅಂತ ರೇಡಿಯೋ ಜೋರು ಮಾಡಿದೆ.

ಮನೆಗೆ ಬಂದವನೇ ಫ್ರಿಡ್ಜ್ ಮೇಲಿನ ಗಣಪತಿ ಮ್ಯಾಗ್ನೆಟ್ ಕಿತ್ತುಕೊಂಡು ಹೋದೆ. ತಗಡಿಗೆ ಅಂಟುತ್ತೆ, ತುಕ್ಕು ಮುಚ್ಚೋಕೆ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಅಂಟಲ್ಲ. ಆ ಹುಡುಗನೇ ಹೇಳಿಕೊಟ್ಟಿದ್ದು. ಬಾನೆಟ್ ಮೇಲೆ ಗಣಪತಿ ಟಪ್ಪಂತ ಕೂತ. ಮುಂದಿನ ಬಾಗಿಲಲ್ಲೂ ಕೂತ. ಹಿಂದಿನ ಎಡಬಾಗಿಲ ಕೆಳಗೆ ನಿಲ್ಲಲೇ ಇಲ್ಲ, ಜಾರಿ ಕೆಸರಿಗೆ ಬಿದ್ದ.

ಅಮ್ಮ ಎತ್ತಿಕೊಂಡು ಸೆರಗಲ್ಲಿ ಒರೆಸಿದರು. "ತುಕ್ಕು ಹುಡುಕೋಕೆ ಇವನೇ ಬೇಕಿತ್ತಾ ನಿಂಗೆ?"