ಯಾವಾಗಿನಿಂದ ಎಣಿಸ್ತಿದ್ದೀಯಪ್ಪಾ?

ಬಳ್ಳಾರಿಯಲ್ಲಿ ಬೆಳೆದವರಿಗೆ ಬಂಡೆ ವಿಶೇಷವೇನಲ್ಲ. ಎತ್ತ ನೋಡಿದರೂ ಬೆಟ್ಟ, ಬಿಸಿಲು. ಈ ಬಂಡೆಗಳ ವಯಸ್ಸನ್ನೂ ಲೆಕ್ಕ ಹಾಕಬಹುದು ಅಂತ ನನಗೆ ಗೊತ್ತಾದದ್ದು ಈ ಕಾಲೇಜಿನಲ್ಲಿ, ನಮ್ಮ ಕೆಮಿಸ್ಟ್ರಿ ಮೇಡಂ ಅವರಿಂದ.

ಅರ್ಧಾಯುಷ್ಯದ, ಅಂದರೆ ಒಂದು ವಿಕಿರಣಶೀಲ ವಸ್ತು ಅರ್ಧದಷ್ಟಾಗಲು ಹಿಡಿಯುವ ಕಾಲದ ಪಾಠದ ದಿನ ಅವರು ಚೀಲದ ತುಂಬ ಹುಣಸೆ ಬೀಜ ತಂದಿದ್ದರು. ಚೌಕಾಬಾರ ಆಡಲು ಉಜ್ಜುತ್ತೀವಲ್ಲ, ಹಾಗೆ ಒಂದು ಬದಿ ಬೆಳ್ಳಗೆ ಉಜ್ಜಿದ್ದವು. ಮೇಜಿನ ಮೇಲೆ ಚೆಲ್ಲುವುದು, ಬಿಳಿ ಮೇಲಾಗಿ ಬಿದ್ದವನ್ನು ಪಕ್ಕಕ್ಕೆ ಗುಡ್ಡೆ ಹಾಕುವುದು, ಉಳಿದವನ್ನು ಮತ್ತೆ ಚೆಲ್ಲುವುದು. ಇನ್ನೂರು ಇದ್ದದ್ದು ನೂರರ ಹತ್ತಿರ ಬಂತು, ಆಮೇಲೆ ಐವತ್ತರ ಹತ್ತಿರ. ಯಾವ ಬೀಜ ಯಾವಾಗ ಬೆಳ್ಳಗೆ ಬೀಳುತ್ತದೆ ಅಂತ ಯಾರೂ ಹೇಳಲಾರರು. ಒಟ್ಟು ಎಷ್ಟು ಬೀಳುತ್ತವೆ ಅಂತ ಮಾತ್ರ ಹೇಳಬಹುದು. ಆಗ ಹೊರಗೆ ನಿಲ್ಲಿಸಿದ್ದ ಒಬ್ಬ ಹುಡುಗನನ್ನು ಕರೆದರು. "ಎರಡೂ ಗುಡ್ಡೆ ಎಣಿಸಿ ಹೇಳಪ್ಪಾ, ಎಷ್ಟು ಸಲ ಚೆಲ್ಲಿದ್ದೀವಿ?" ಅವನು ಸರಿಯಾಗಿ ಹೇಳಿದ. ಬಂಡೆಯೊಳಗಿನ ಯುರೇನಿಯಂ ಹೀಗೇ ತಾನಾಗಿ ನಿಧಾನಕ್ಕೆ ಸೀಸವಾಗುತ್ತದೆ. ಉಳಿದದ್ದು ಯುರೇನಿಯಂ, ಪಕ್ಕದ ಗುಡ್ಡೆ ಸೀಸ. ಯುರೇನಿಯಂ-238 ಅರ್ಧವಾಗಲು ಹಿಡಿಯುವ ಕಾಲ ಸುಮಾರು 447 ಕೋಟಿ ವರ್ಷ.

"ನಡುವೆ ಯಾರಾದರೂ ಒಂದು ಹಿಡಿ ಬೀಜ ಕದ್ದಿದ್ದರೆ ಮೇಡಂ?" ಅಂತ ಗೆಳತಿಯೊಬ್ಬಳು ಕೇಳಿದಳು. ಆ ಪ್ರಶ್ನೆಗೆ ಮೇಡಂ ಎಷ್ಟು ಖುಷಿಪಟ್ಟರು ಅಂದರೆ ಮುಂದಿನ ಕ್ಲಾಸೂ ಅದಕ್ಕೇ ಹೋಯಿತು. ಗ್ರಾನೈಟಿನೊಳಗೆ ಜಿರ್ಕಾನ್ ಅನ್ನುವ ಸಣ್ಣ ಹರಳುಗಳಿರುತ್ತವೆ. ಹುಟ್ಟುವಾಗ ಅವು ಯುರೇನಿಯಂ ಬಿಟ್ಟುಕೊಳ್ಳುತ್ತವೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಹೆಚ್ಚು ಕಡಿಮೆ ಎಲ್ಲವೂ ಅಲ್ಲೇ ಹುಟ್ಟಿದ್ದು. ಜೊತೆಗೆ ಯುರೇನಿಯಂನ ಇನ್ನೊಂದು ಬಗೆ, ಯುರೇನಿಯಂ-235 ಕೂಡ ಇದೆ. ಅದು ಸುಮಾರು 70 ಕೋಟಿ ವರ್ಷಕ್ಕೇ ಅರ್ಧವಾಗುತ್ತದೆ. ಎರಡೂ ಲೆಕ್ಕ ತಾಳೆಯಾದರೆ ಸರಿ. ಸೀಸ ಸೋರಿದ್ದರೆ ತಾಳೆಯಾಗುವುದಿಲ್ಲ, ಕಳ್ಳತನ ಗೊತ್ತಾಗಿಬಿಡುತ್ತದೆ. ರಾಮನಗರದಿಂದ ಉತ್ತರಕ್ಕೆ ನಮ್ಮ ಹಂಪಿ ಕಡೆಗೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ಅಂತ ತಿಳಿದದ್ದು ಇಂಥ ಹರಳುಗಳಿಂದಲೇ.

ಆದರೆ ಮೇಡಂ ಅವರನ್ನು ನಾನು ಜಾಸ್ತಿ ನೆನೆಯುವುದು ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಕರೆದುಕೊಂಡು ಹೋದದ್ದಕ್ಕೆ. ಅಲ್ಲಿಯ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿ ಹೋಗಿದೆ. ನವಶಿಲಾಯುಗದ ಜನ ಅದನ್ನೇ ಒಡೆದು ಕೊಡಲಿ ಮಾಡುತ್ತಿದ್ದರು. ಕೆತ್ತಿದ ಚಕ್ಕೆಗಳು ಕಾಲಡಿಯೇ ಬಿದ್ದಿದ್ದವು, ಅಂಚು ಇನ್ನೂ ಚೂಪು. ಈ ಕಲ್ಲಿನ ವಯಸ್ಸು ಅಳೆದರೆ ಕೊಡಲಿಯ ವಯಸ್ಸು ಸಿಗುತ್ತದಲ್ವಾ ಅಂತ ಒಬ್ಬ ಕೇಳಿದ. "ಯಾವಾಗಿನಿಂದ ಎಣಿಸ್ತಿದ್ದೀಯಪ್ಪಾ?" ಅಂದರು ಮೇಡಂ. ಕಲ್ಲು ಹೇಳುವುದು ತಾನು ಆರಿ ಗಟ್ಟಿಯಾದ ದಿನವನ್ನು. ಯಾರೋ ಅದನ್ನು ಕೆತ್ತಿದ್ದು ಅದಕ್ಕೆ ಗೊತ್ತೇ ಇಲ್ಲ.

ಹಾಗಾದರೆ ಕೊಡಲಿಯ ಕಾಲ? ಅದೇ ಪದರದಲ್ಲಿ ಸಿಕ್ಕ ಇದ್ದಿಲು ಹೇಳುತ್ತದೆ, ಸುಟ್ಟ ಹುರುಳಿ ಕಾಳು ಹೇಳುತ್ತದೆ. ಗಿಡ ಸತ್ತ ಗಳಿಗೆಯಿಂದ ಅದಕ್ಕೆ ಹೊಸ ಕಾರ್ಬನ್ ಸೇರುವುದಿಲ್ಲ, ಒಳಗಿದ್ದ ಕಾರ್ಬನ್-14 ಅನ್ನುವ ವಿಕಿರಣಶೀಲ ಕಾರ್ಬನ್ ಕರಗುತ್ತಾ ಹೋಗುತ್ತದೆ, 5730 ವರ್ಷಕ್ಕೆ ಅರ್ಧ. ಕಾಳು ಇದ್ದಿಲಿಗಿಂತ ಒಳ್ಳೆಯ ಸಾಕ್ಷಿ. ಉರಿಸಿದ ಮರದ ತಿರುಳು ನೂರಾರು ವರ್ಷ ಹಳೆಯದಿರಬಹುದು, ಹುರುಳಿ ಮಾತ್ರ ಆ ವರ್ಷದ ಬೆಳೆ. ಸಂಗನಕಲ್ಲಿನ ಊರಿಗೆ ಸುಮಾರು 3 ಸಾವಿರದಿಂದ 4 ಸಾವಿರ ವರ್ಷ ಅಂತ ತಿಳಿದದ್ದು ಹೀಗೆ.

ಡೈನೋಸಾರ್ ಮೂಳೆಗೆ ಈ ಕಾರ್ಬನ್ ಉಪಯೋಗಕ್ಕೆ ಬರುವುದಿಲ್ಲ. 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಉಳಿಯುವುದೇ ಇಲ್ಲ, ಅವು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಅದಕ್ಕೇ ಪಳೆಯುಳಿಕೆಯ ಪದರದ ಮೇಲೆ, ಕೆಳಗೆ ಜ್ವಾಲಾಮುಖಿ ಬೂದಿ ಹುಡುಕುತ್ತಾರೆ. ಎರಡೂ ಬೂದಿಯ ಹರಳುಗಳ ವಯಸ್ಸು ಸಿಕ್ಕರೆ ಮೂಳೆಯ ಕಾಲ ಅವುಗಳ ನಡುವೆ ಎಲ್ಲೋ ಇದೆ ಅಂತ ಅರ್ಥ.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಬೆಟ್ಟಗಳನ್ನು ಸುತ್ತಿದ್ದು 19ನೇ ಶತಮಾನದಲ್ಲಿ. ಫ್ರೆಂಚ್ ವಿಜ್ಞಾನಿ ಬೆಕೆರೆಲ್ ಯುರೇನಿಯಂ ಕಿರಣಗಳನ್ನು ಕಂಡದ್ದೇ 1896ರಲ್ಲಿ. ಯಾವ ಪದರ ಹಳೆಯದು, ಯಾವುದು ಹೊಸದು ಅಂತ ಫೂಟ್ ಗುರುತಿಸಬಹುದಿತ್ತು, ಎಷ್ಟು ವರ್ಷ ಅಂತ ಹೇಳಲು ಅವರ ಬಳಿ ದಾರಿಯೇ ಇರಲಿಲ್ಲ. ಅವರ ಹೆಸರಿನ ಮ್ಯೂಸಿಯಂ ಈಗ ನಮ್ಮೂರಲ್ಲೇ ಇದೆ, ಸಂಗನಕಲ್ಲಿನ ಕೊಡಲಿಗಳು ಅಲ್ಲಿವೆ. ಈಗ ಓದುತ್ತಿರುವ ಮಕ್ಕಳು ಒಮ್ಮೆ ಹೋಗಿ ಬನ್ನಿ.