ಬೇಕಲದಲ್ಲಿ ತಾಲೀಮು, ಪೋರ್ಚುಗಲ್–ಸ್ಪೇನ್‌ನಲ್ಲಿ 21 ದಿನ: ಕ್ಯಾಮೆರಾ ಹಿಡಿದು ಹೊರಡುವವರಿಗೆ

ಮಾರ್ಚ್ ತಿಂಗಳ ಒಂದು ಭಾನುವಾರ ಬೇಕಲ ಕೋಟೆಯಲ್ಲಿ ತೆಗೆದ ಫೋಟೊಗಳನ್ನು ಮನೆಗೆ ಬಂದು ನೋಡಿದೆ. ಎಲ್ಲದರಲ್ಲೂ ತೆಳುವಾಗಿ ಮಂಜು ಕವಿದ ಹಾಗೆ. ಲೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದಾಗ ಗೊತ್ತಾಯಿತು: ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಹಿಂದಿನ ಮಳೆಗಾಲವಿಡೀ ಕ್ಯಾಮೆರಾ ಕಪಾಟಿನಲ್ಲಿ, ಅದೂ ಚರ್ಮದ ಚೀಲದೊಳಗೇ ಇತ್ತು. ಕಾಸರಗೋಡಿನ ಮಳೆಗೆ ಬಟ್ಟೆ, ಪುಸ್ತಕ, ಅಡಿಕೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ, ಲೆನ್ಸನ್ನು ಬಿಡುತ್ತದೆಯೇ? ಹೊರಡಲು ಇನ್ನೂ ಏಳು ವಾರ ಇದ್ದದ್ದರಿಂದ ಬಿಚ್ಚಿ ಸ್ವಚ್ಛ ಮಾಡಿಸಲು ಸಮಯ ಸಿಕ್ಕಿತು. ಅದಕ್ಕೇ ಮೊದಲ ಮಾತು ಇದು. ಕರಾವಳಿಯವರು ದೂರದ ಪ್ರಯಾಣಕ್ಕೆ ಎರಡು ತಿಂಗಳು ಮೊದಲೇ ಕ್ಯಾಮೆರಾ ಹೊರಗೆ ತೆಗೆಯಿರಿ, ಟಾರ್ಚ್ ಹಿಡಿದು ಲೆನ್ಸ್ ನೋಡಿ, ಹತ್ತಿಪ್ಪತ್ತು ಫೋಟೊ ತೆಗೆದು ದೊಡ್ಡ ಪರದೆಯ ಮೇಲೆ ಪರೀಕ್ಷಿಸಿ.

ನಾವು ಹೋದದ್ದು ಮೇ ತಿಂಗಳ ಶಾಲೆಯ ರಜೆಯಲ್ಲಿ. ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಮಂಗಳೂರಿನಿಂದ ಗಲ್ಫ್ ದಾರಿಯಾಗಿ ಪೋರ್ಚುಗಲ್ ಸೇರಿದೆವು. ಪೋರ್ಟೊ, ಕೊಯಿಂಬ್ರಾ, ಲಿಸ್ಬನ್, ಎವೊರಾ, ಆಮೇಲೆ ಸ್ಪೇನಿನ ಸೆವಿಲ್ಲೆ, ಗ್ರನಾಡಾ, ಟೊಲೆಡೊ, ಕೊನೆಗೆ ಮ್ಯಾಡ್ರಿಡ್. ಒಟ್ಟು 21 ದಿನ. ಮೊದಲು ಬರೆದ ಪಟ್ಟಿಯಲ್ಲಿ ಹನ್ನೊಂದು ಊರುಗಳಿದ್ದವು. ಮೂರನ್ನು ಹೊಡೆದು ಹಾಕಿದೆ. ಇಡೀ ಪ್ರವಾಸದಲ್ಲಿ ಫೋಟೊಗಳಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ ನಿರ್ಧಾರ.

ಕಾರಣ ಹೇಳುತ್ತೇನೆ. ಇಂಥ ಪಟ್ಟಣಗಳಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಬಸ್ಸು, ರೈಲುಗಳಲ್ಲಿ ಜನ ಬಂದು ಇಳಿಯುತ್ತಾರೆ, ಸಂಜೆ ಐದಕ್ಕೆ ವಾಪಸು ಹೋಗುತ್ತಾರೆ. ಅವರಿಗೆ ಸಿಗುವುದು ನಡುಹಗಲಿನ ಸುಡುಬಿಸಿಲು ಮತ್ತು ಎಲ್ಲ ಫೋಟೊಗಳಲ್ಲಿ ನೂರಾರು ತಲೆಗಳು. ಅಲ್ಲೇ ರಾತ್ರಿ ಉಳಿದವರಿಗೆ ಮುಂಜಾನೆ ಮತ್ತು ಸಂಜೆ ಎರಡೂ ಸಿಗುತ್ತವೆ. ಎವೊರಾದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ರೋಮನ್ ದೇವಾಲಯವಿದೆ. ಹದಿನಾಲ್ಕು ಕಂಬಗಳು ಇನ್ನೂ ನಿಂತಿವೆ. ಬಯಲಲ್ಲೇ ಇದೆ, ಟಿಕೆಟ್ ಇಲ್ಲ. ಬೆಳಿಗ್ಗೆ ಆರೂವರೆಗೆ ನಾವು ಹೋದಾಗ ಅಲ್ಲಿ ಕಸ ಗುಡಿಸುವ ಒಬ್ಬರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಕಂಬಗಳ ಸಂದಿನಿಂದ ಬಿಸಿಲು ಓರೆಯಾಗಿ ಬಂದು, ಗ್ರಾನೈಟಿನ ಕಂಬ ಮತ್ತು ಅದರ ತಲೆಯ ಅಮೃತಶಿಲೆಯ ಎಲೆಗಳ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಹನ್ನೊಂದಕ್ಕೆ ಮತ್ತೆ ಅದೇ ದಾರಿಯಾಗಿ ಬಂದಾಗ ನೆರಳೂ ಇಲ್ಲ, ಉಬ್ಬುತಗ್ಗೂ ಇಲ್ಲ, ಎಲ್ಲ ಚಪ್ಪಟೆ.

ಬೆಳಕಿನ ಲೆಕ್ಕವನ್ನು ಊರಿನಲ್ಲೇ ಕೂತು ಮಾಡಿಕೊಳ್ಳಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಗೆ ಸ್ವಲ್ಪ ಮೊದಲು. ಲಿಸ್ಬನ್‌ನಲ್ಲಿ ಅದು ಎಂಟೂವರೆ ದಾಟಿದ ಮೇಲೆ. ಗಡಿ ದಾಟಿ ಸ್ಪೇನಿಗೆ ಹೋದರೆ ಗಡಿಯಾರ ಒಂದು ಗಂಟೆ ಮುಂದೆ, ಹಾಗಾಗಿ ಗ್ರನಾಡಾದಲ್ಲಿ ಒಂಬತ್ತೂಕಾಲು! ಇನ್ನೊಂದು ಸಂಗತಿ ನಮಗೆ ಅಲ್ಲಿಗೆ ಹೋದ ಮೇಲೆ ಅನುಭವಕ್ಕೆ ಬಂತು. ಕಾಸರಗೋಡು ಭೂಮಧ್ಯರೇಖೆಗೆ ಹತ್ತಿರ, ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಸಮುದ್ರಕ್ಕೆ ಇಳಿಯುತ್ತಾನೆ. ಮುಳುಗಿ ಇಪ್ಪತ್ತು–ಇಪ್ಪತ್ತೆರಡು ನಿಮಿಷಕ್ಕೆ ಕತ್ತಲೆ ಆವರಿಸಿಬಿಡುತ್ತದೆ. ಅಲ್ಲಿ ಓರೆಯಾಗಿ ಇಳಿಯುವುದರಿಂದ ಅರ್ಧ ಗಂಟೆ ಆಕಾಶ ಗಾಢ ನೀಲಿಯಾಗಿ ಉಳಿಯುತ್ತದೆ. ಬೀದಿದೀಪಗಳು ಹತ್ತಿ, ಆಕಾಶವೂ ಕಪ್ಪಾಗದ ಆ ಹೊತ್ತು ಹಳೇ ಊರುಗಳ ಫೋಟೊಗೆ ಬಂಗಾರದ ಹೊತ್ತು. ಸೂರ್ಯ ಮುಳುಗಿದ ಕೂಡಲೇ ಜನ ಚಪ್ಪಾಳೆ ತಟ್ಟಿ ಹೊರಟುಹೋಗುತ್ತಾರೆ. ನೀವು ಹೊರಡಬೇಡಿ. ಗ್ರನಾಡಾದ ಸ್ಯಾನ್ ನಿಕೊಲಾಸ್ ಕಟ್ಟೆಯಿಂದ ಅಲ್ಹಂಬ್ರಾ ಅರಮನೆಯನ್ನು ನೋಡುವಾಗ, ಹಿಂದೆ ಹಿಮ ಹೊದ್ದ ಸಿಯೆರ್ರಾ ನೆವಾಡಾ ಬೆಟ್ಟ, ಮುಂದೆ ದೀಪ ಹತ್ತಿದ ಕೆಂಪು ಗೋಡೆ. ನಮಗೆ ಒಳ್ಳೆಯ ಚಿತ್ರ ಸಿಕ್ಕಿದ್ದು ಸೂರ್ಯ ಮುಳುಗಿ ಇಪ್ಪತ್ತೈದನೇ ನಿಮಿಷದಲ್ಲಿ.

ಇದಕ್ಕೆ ಸರಿಯಾಗಿ ದಿನಚರಿ ಬದಲಾಯಿಸಿಕೊಂಡೆವು. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಹೊರಗೆ, ಒಂಬತ್ತಕ್ಕೆ ಬಂದು ತಿಂಡಿ. ನಡುಹಗಲು ಚರ್ಚು, ಮ್ಯೂಸಿಯಂಗಳ ಒಳಗೆ, ಇಲ್ಲದಿದ್ದರೆ ನಿದ್ದೆ. ಏಳರ ನಂತರ ಮತ್ತೆ ಹೊರಗೆ. ಹೆಂಡತಿಗೆ ಮೊದಲ ಎರಡು ದಿನ ಇದು ಕಷ್ಟವಾಯಿತು. ಜೊತೆಗೆ ಬರುವವರ ಹತ್ತಿರ ಇದನ್ನು ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಫೋಟೊದ ಹುಚ್ಚಿಗೆ ರಜೆ ಹಾಳಾಯಿತು ಅನ್ನಿಸುತ್ತದೆ ಅವರಿಗೆ.

ಈಗ ಕಲ್ಲಿನ ವಿಷಯ. ನಾನು ಕ್ಯಾಮೆರಾ ಕಲಿತದ್ದು ಬೇಕಲದಲ್ಲಿ, ಮುರಕಲ್ಲಿನ ಗೋಡೆಗಳ ಮುಂದೆ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಅದು. ಮುರಕಲ್ಲು ಬೆಳಕನ್ನು ಹೀರಿಕೊಳ್ಳುತ್ತದೆ. ಕ್ಯಾಮೆರಾ ಅದನ್ನು ನೋಡಿ ಕತ್ತಲೆ ಎಂದು ತಿಳಿದು ಫೋಟೊವನ್ನು ಬೆಳ್ಳಗೆ ಮಾಡುತ್ತದೆ, ನಾವು ಎಕ್ಸ್‌ಪೋಷರನ್ನು, ಅಂದರೆ ಫೋಟೊ ಎಷ್ಟು ಬೆಳ್ಳಗೆ ಬರಬೇಕು ಎಂಬುದನ್ನು, ಸ್ವಲ್ಪ ಮೈನಸ್‌ಗೆ ಇಳಿಸಬೇಕು. ಲಿಸ್ಬನ್‌ನಲ್ಲಿ ಎಲ್ಲ ಉಲ್ಟಾ. ಜೆರೋನಿಮೊಸ್ ಮಠವನ್ನು ಕಟ್ಟಿದ್ದು ಲಿಯೋಜ್ ಎಂಬ ತಿಳಿ ಬಣ್ಣದ ಸುಣ್ಣಕಲ್ಲಿನಿಂದ. ಕೆಲಸ ಶುರುವಾದದ್ದು 1501ರಲ್ಲಿ. ಬಿಸಿಲಲ್ಲಿ ಅದು ಕಣ್ಣು ಕುಕ್ಕುತ್ತದೆ, ಕ್ಯಾಮೆರಾ ಹೆದರಿ ಬೂದು ಬಣ್ಣಕ್ಕೆ ತಿರುಗಿಸುತ್ತದೆ. ನಾನು ಅಭ್ಯಾಸ ಬಲದಿಂದ ಮೈನಸ್‌ನಲ್ಲೇ ತೆಗೆದ ಮೊದಲ ಮೂವತ್ತು ಫೋಟೊಗಳಲ್ಲಿ ಮಠ ಮಳೆಗಾಲದ ಸಿಮೆಂಟು ಗೋಡೆಯ ಹಾಗೆ ಕಂಡಿತು. ಪ್ಲಸ್ 0.7ಕ್ಕೆ ಏರಿಸಿದ ಮೇಲೆ ಕಲ್ಲಿನ ಬೆಣ್ಣೆಯ ಬಣ್ಣ ಬಂತು. ಅಲ್ಲಿನ ಕಾಲುದಾರಿಗಳೂ ಬಿಳಿ ಸುಣ್ಣಕಲ್ಲು, ನಡುವೆ ಕಪ್ಪು ಕಲ್ಲಿನ ಚಿತ್ತಾರ. ಬಿಸಿಲು ಆ ನೆಲಕ್ಕೆ ಬಿದ್ದು ಕೆಳಗಿನಿಂದ ಮುಖಕ್ಕೆ ಬೆಳಕು ಕೊಡುತ್ತದೆ. ಮನೆಯವರ ಫೋಟೊ ತೆಗೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ: ಅವರನ್ನು ನೆರಳಲ್ಲಿ ನಿಲ್ಲಿಸಿ, ಎದುರಿಗೆ ಬಿಸಿಲು ಬಿದ್ದ ನೆಲ ಇರಲಿ. ಮಳೆ ಬಂದರೆ ಮಾತ್ರ ಆ ಕಲ್ಲುಗಳು ಜಾರುತ್ತವೆ, ಜೋಪಾನ.

ಆ ಮಠದ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಗೋರಿ ಇದೆ. 1498ರಲ್ಲಿ ನಮ್ಮಿಂದ ತೆಂಕಕ್ಕೆ, ಕೋಝಿಕ್ಕೋಡಿನ ಕಡಲಿಗೆ ಬಂದವನು. ಗೋರಿಯ ಕಲ್ಲಿನಲ್ಲಿ ಕೆತ್ತಿದ ಹಡಗನ್ನು ಮಗಳು ತುಂಬಾ ಹೊತ್ತು ನೋಡುತ್ತಾ ನಿಂತಳು. ನಾನು ಅವಳ ಫೋಟೊ ತೆಗೆದೆ, ಗೋರಿಯದ್ದಲ್ಲ.

ಒಳಗಿನ ಕತ್ತಲಿಗೆ ನನಗೆ ತಾಲೀಮು ಸಿಕ್ಕಿದ್ದು ಊರಿನ ಭೂತಕೋಲ, ತೆಯ್ಯಂಗಳಲ್ಲಿ. ಅಲ್ಲಿ ಫ್ಲ್ಯಾಶ್ ಹಾಕುವುದು ತಪ್ಪು ಎಂದು ಚಿಕ್ಕಂದಿನಿಂದ ಗೊತ್ತು. ದೊಂದಿಯ ಬೆಳಕಲ್ಲಿ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ 3200, 6400ಕ್ಕೆ ಏರಿಸಿ, ಉಸಿರು ಹಿಡಿದು ಕ್ಲಿಕ್ ಮಾಡಿ ಅಭ್ಯಾಸವಾದವರಿಗೆ ಯುರೋಪಿನ ಚರ್ಚುಗಳು ಸುಲಭ. ಅಲ್ಲೂ ಫ್ಲ್ಯಾಶ್, ಟ್ರೈಪಾಡ್ ಎರಡಕ್ಕೂ ಹೆಚ್ಚಿನ ಕಡೆ ಅನುಮತಿ ಇಲ್ಲ. ಹಾಗಾಗಿ ದೊಡ್ಡ ಟ್ರೈಪಾಡ್ ಸುಮ್ನೆ ಹೊರಬೇಡಿ. ಅಂಗೈಯಷ್ಟು ಉದ್ದದ ಮೇಜಿನ ಟ್ರೈಪಾಡ್ ಸಾಕು, ಗೋಡೆಯ ಮೇಲೆ ಇಟ್ಟರಾಯಿತು. ಪೋರ್ಟೊದಲ್ಲಿ 1886ರಲ್ಲಿ ತೆರೆದ ಲೂಯಿಸ್ ಸೇತುವೆಯ ಮೇಲಿನ ಹಂತದಲ್ಲಿ ಮೆಟ್ರೊ ಓಡುತ್ತದೆ, ಪಕ್ಕದಲ್ಲೇ ಜನ ನಡೆಯುತ್ತಾರೆ. ರೈಲು ಬಂದಾಗ ಸೇತುವೆ ಅದುರುತ್ತದೆ, ಅದು ದಾಟುವವರೆಗೆ ಕಾಯಿರಿ. ಲೆನ್ಸ್ ಎರಡೇ ಒಯ್ದಿದ್ದೆ: ಜೂಮ್ ಆಗುವ 24–70 ಎಂಎಂ ಒಂದು, ಕತ್ತಲಲ್ಲಿ ಹೆಚ್ಚು ಬೆಳಕು ಒಳಬಿಡುವ 35 ಎಂಎಂ ಎಫ್ 1.8 ಒಂದು. ಕಡಿಮೆ ಅನ್ನಿಸಲಿಲ್ಲ.

ಬುಕಿಂಗ್ ವಿಷಯದಲ್ಲಿ ಅಲ್ಹಂಬ್ರಾ ಬೇರೆಯೇ ಲೆಕ್ಕ. ವೀಸಾ, ವಿಮಾನ ಆದ ಕೂಡಲೇ ಮಾಡಬೇಕಾದ ಕೆಲಸ ಅದರ ಟಿಕೆಟ್. ಟಿಕೆಟ್ ನಿಮ್ಮ ಹೆಸರಿನಲ್ಲಿ ಇರುತ್ತದೆ, ಒಳಗೆ ಸುಲ್ತಾನರಿದ್ದ ನಸ್ರಿದ್ ಅರಮನೆಗಳನ್ನು ಪ್ರವೇಶಿಸಲು ಅರ್ಧ ಗಂಟೆಯ ಸಮಯ ಗೊತ್ತು ಮಾಡಿರುತ್ತಾರೆ, ಪಾಸ್‌ಪೋರ್ಟ್ ತೋರಿಸಬೇಕು. ಹೆಂಡತಿಯ ಪಾಸ್‌ಪೋರ್ಟ್ ಕೋಣೆಯಲ್ಲೇ ಉಳಿದಿತ್ತು. ನಾನು ಗುಡ್ಡ ಇಳಿದು ತಂದು ಮತ್ತೆ ಹತ್ತುವಾಗ ಕೈಕಾಲು ನಡುಗುತ್ತಿತ್ತು, ಆರು ನಿಮಿಷ ಬಾಕಿ ಇತ್ತು. ಸಾಧ್ಯವಾದರೆ ದಿನದ ಮೊದಲ ಸಮಯವನ್ನೇ ಹಿಡಿಯಿರಿ. ಮಿರ್ಟಲ್ ಅಂಗಳದ ಕೊಳದಲ್ಲಿ ಗೋಪುರದ ಪ್ರತಿಬಿಂಬ ಬೀಳುತ್ತದೆ. ನಿಂತು ತೆಗೆದರೆ ಅರ್ಧ ಗೋಪುರ, ಮೊಣಕಾಲೂರಿ ಕ್ಯಾಮೆರಾವನ್ನು ನೀರಿಗೆ ಹತ್ತಿರ ಇಳಿಸಿದರೆ ಪೂರ್ತಿ ಗೋಪುರ. ಮುಂದಿನ ಸಿಂಹಗಳ ಅಂಗಳದಲ್ಲಿ 124 ಕಂಬಗಳಿವೆ, ನಡುವೆ ಹನ್ನೆರಡು ಸಿಂಹಗಳು ಹೊತ್ತ ಕಾರಂಜಿ. ಅಲ್ಲಿ ಅವಸರ ಬೇಡ. ಒಳಗೆ ಹೋದ ಮೇಲೆ ಯಾರೂ ಹೊರಡಿಸುವುದಿಲ್ಲ, ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಎರಡು ನಿಮಿಷ ಅಂಗಳ ಖಾಲಿಯಾಗುತ್ತದೆ.

ಕೊಯಿಂಬ್ರಾ ವಿಶ್ವವಿದ್ಯಾಲಯದ ಹದಿನೆಂಟನೇ ಶತಮಾನದ ಗ್ರಂಥಾಲಯದಲ್ಲಿ ನಮಗೆ ಫೋಟೊ ತೆಗೆಯಲು ಬಿಡಲಿಲ್ಲ. ಪುಸ್ತಕ ತಿನ್ನುವ ಹುಳುಗಳನ್ನು ಅಲ್ಲಿ ಬಾವಲಿಗಳು ಹಿಡಿಯುತ್ತವೆ, ರಾತ್ರಿ ಮೇಜುಗಳಿಗೆ ಚರ್ಮ ಹೊದಿಸುತ್ತಾರೆ. ಇಂಥದ್ದನ್ನು ಬರೆದಿಡಲು ಒಂದು ಸಣ್ಣ ನೋಟ್‌ಬುಕ್ ಇರಲಿ.

ಮೆಮೊರಿ ಕಾರ್ಡುಗಳ ಲೆಕ್ಕ ಹೀಗೆ. 24 ಮೆಗಾಪಿಕ್ಸೆಲ್‌ನ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರ) ಸುಮಾರು 30 ಎಂಬಿ. ದಿನಕ್ಕೆ 200 ಎಂದರೆ 21 ದಿನಕ್ಕೆ 4,200 ಫೋಟೊ, ಸುಮಾರು 126 ಜಿಬಿ. ಒಂದೇ ದೊಡ್ಡ ಕಾರ್ಡಿನ ಬದಲು 64 ಜಿಬಿಯ ನಾಲ್ಕು ಒಯ್ದೆ. ಪ್ರತಿ ರಾತ್ರಿ ಮಲಗುವ ಮೊದಲು ಫೋಟೊ ಉಳಿಸುವ ಎರಡು ಪುಟ್ಟ ಎಸ್‌ಎಸ್‌ಡಿಗಳಿಗೆ ನಕಲು, ಒಂದು ನನ್ನ ಚೀಲದಲ್ಲಿ, ಒಂದು ಮಗಳ ಚೀಲದಲ್ಲಿ. ಒಂಬತ್ತನೇ ದಿನ ಲಿಸ್ಬನ್‌ನಲ್ಲಿ ಒಂದು ಕಾರ್ಡ್ ಇದ್ದಕ್ಕಿದ್ದಂತೆ ತೆರೆಯಲೇ ಇಲ್ಲ. ಹೋದದ್ದು ಅವತ್ತಿನ ಅರ್ಧ ದಿನ ಮಾತ್ರ. ಆ ಹಡಗಿನ ಮುಂದೆ ನಿಂತ ಮಗಳ ಫೋಟೊ ಅದರಲ್ಲಿತ್ತು. ಈಗಲೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಮಧ್ಯಾಹ್ನ ಕೋಣೆಗೆ ಬರುವವರು ಆಗಲೇ ಒಮ್ಮೆ ನಕಲು ಮಾಡಿಕೊಳ್ಳಿ.

ಇನ್ನು ಕೆಲವು ಸಣ್ಣ ವಿಷಯಗಳು. ವಿಮಾನದಲ್ಲೇ ಕ್ಯಾಮೆರಾದ ಗಡಿಯಾರವನ್ನು ಅಲ್ಲಿನ ಸಮಯಕ್ಕೆ ತಿರುಗಿಸಿ, ಇಲ್ಲದಿದ್ದರೆ ಫೋನಿನ ಫೋಟೊಗಳ ಜೊತೆ ಸೇರಿಸುವಾಗ ಬೆಳಗು ಸಂಜೆ ಕಲಸಿಹೋಗುತ್ತದೆ. ಬೀದಿಗೆ ಕಾಲಿಟ್ಟಾಗ ಮೊದಲು ಗೋಡೆಯ ಹೆಸರಿನ ಫಲಕದ್ದೊಂದು ಫೋಟೊ ತೆಗೆಯಿರಿ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ 74 ವ್ಯಾಟ್ ಅವರ್, ವಿಮಾನದ 100ರ ಮಿತಿಯೊಳಗೆ ಬರುತ್ತದೆ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ. ಮಕ್ಕಳ ಫೋಟೊ ತೆಗೆಯುವ ಮುಂಚೆ ತಂದೆ ತಾಯಿಯನ್ನು ಕೇಳಿ.

ಟೊಲೆಡೊಕ್ಕೆ ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೆ, ಹಾಗಾಗಿ ಎಲ್ಲರೂ ಒಂದು ದಿನಕ್ಕೆ ಬಂದು ಹೋಗುತ್ತಾರೆ. ದಯವಿಟ್ಟು ಒಂದು ರಾತ್ರಿಯಾದರೂ ಉಳಿಯಿರಿ. ಊರನ್ನು ಮೂರು ಕಡೆ ಸುತ್ತಿರುವ ಹೊಳೆಯ ಆಚೆ ದಡದಲ್ಲಿ ವ್ಯಾಲೆ ಎಂಬ ನೋಟದ ಕಟ್ಟೆ ಇದೆ, ಅಲ್ಲಿಂದ ಇಡೀ ಪಟ್ಟಣ ಒಂದೇ ಚೌಕಟ್ಟಿನಲ್ಲಿ ಸಿಗುತ್ತದೆ. ನಾವು ಅಲ್ಲಿ ಎರಡು ಸಂಜೆ ಕೂತೆವು. ಸ್ಪೇನಿನಲ್ಲಿ ತಾಹೊ ಎನ್ನುವ ಅದೇ ಹೊಳೆ ಲಿಸ್ಬನ್‌ಗೆ ಹೋಗಿ ತೇಜೊ ಆಗಿ ಕಡಲು ಸೇರುತ್ತದೆ. "ಸುಳ್ಯದಲ್ಲಿ ಪಯಸ್ವಿನಿ, ನಮ್ಮಲ್ಲಿ ಚಂದ್ರಗಿರಿ, ಹಾಗೇ ಅಲ್ವಾ" ಎಂದಳು ಹೆಂಡತಿ.

ಊರಿಗೆ ಬಂದ ವಾರದಲ್ಲೇ ಮಳೆ ಹಿಡಿಯಿತು. ಈ ಸಲ ಕ್ಯಾಮೆರಾ, ಲೆನ್ಸುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ನೀಲಿ ಹರಳುಗಳು ಹದಿನೈದು ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಅಡುಗೆಗೆ ಬಳಸದ ಹಳೆಯ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ.