ಸ್ಯಾನ್ ಫ್ರಾನ್ಸಿಸ್ಕೋದಿಂದ ತೀರ್ಥಹಳ್ಳಿಗೆ

ಅಕ್ಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಂಗಳೂರಿನ ನೇರ ವಿಮಾನ ಹತ್ತಿದ್ದಾಳೆ ಅಂತ ಗೊತ್ತಾದ ಮೇಲೆ ಅಪ್ಪಯ್ಯ ಫೋನ್ ಕೆಳಗಿಡಲೇ ಇಲ್ಲ. ವಿಮಾನ ಎಲ್ಲಿದೆ ಅಂತ ತೋರಿಸುವ ಆ್ಯಪ್ ಹಾಕಿಕೊಟ್ಟಿದ್ದೆ. ಸ್ವಲ್ಪ ಹೊತ್ತಿಗೇ ಗಾಬರಿಯಾದರು. "ಇದೆಂತಕ್ಕೆ ಕೆನಡಾ ಕಡೆ ಹೋಗ್ತಿದೆ? ನಮ್ಮ ದೇಶ ಇರೋದು ಆ ಕಡೆ ಅಲ್ವಲ್ಲಾ?"

ನನ್ನ ಮಗಳು ಶಾಲೆಯ ಗ್ಲೋಬ್ ತಂದಳು. ಅಮ್ಮ ಹೂ ಕಟ್ಟುತ್ತಿದ್ದ ಬಾಳೆನಾರನ್ನೇ ತಗೊಂಡು ಎರಡೂ ಊರಿನ ನಡುವೆ ಬಿಗಿಯಾಗಿ ಎಳೆದು ಹಿಡಿದಳು. ನಾರು ಪೆಸಿಫಿಕ್ ಸಾಗರದ ನಡುವೆ ಹೋಗಲೇ ಇಲ್ಲ, ಅಲಾಸ್ಕಾ, ಸೈಬೀರಿಯಾ, ಚೀನಾ ದಾಟಿ ನಮ್ಮ ಕಡೆ ಇಳಿಯಿತು. ಗೋಡೆಯ ಭೂಪಟ ಚಪ್ಪಟೆ, ಭೂಮಿ ದುಂಡಗೆ, ಅದಕ್ಕೇ ಹತ್ತಿರದ ದಾರಿ ಮೇಲಿಂದ ಸುತ್ತಿದ ಹಾಗೆ ಕಾಣುತ್ತದೆ. ಗಾಳಿ ನೋಡಿಕೊಂಡು ಪೈಲಟ್‌ಗಳು ಇನ್ನೂ ಉತ್ತರಕ್ಕೆ ಹೋಗುವುದೂ ಉಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ತಂದಿದ್ದರು. ಇದನ್ನು ಹೇಳಿದಾಗ ಅಪ್ಪಯ್ಯನ ಮುಖ ನೋಡಬೇಕಿತ್ತು, ಎಷ್ಟು ಖುಷಿ!

ಅಮ್ಮನ ಚಿಂತೆ ಬೇರೆ. "ಶನಿವಾರ ಹೊರಟವಳು ಸೋಮವಾರ ಬರೋದು ಅಂದ್ರೆ ಎರಡು ದಿನ ಕೂತೇ ಇರಬೇಕಾ?" ಇಲ್ಲ, ಹಾರುವುದು ಹದಿನೇಳು ಗಂಟೆಯ ಆಸುಪಾಸು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದ್ದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ ಇರುತ್ತದೆ, ಅದಕ್ಕೇ ನಡುವೆ ಒಂದು ಭಾನುವಾರ ಕಳೆದುಹೋಗುತ್ತದೆ. ಸುಮಾರು 14,000 ಕಿಲೋಮೀಟರ್, ಅಂದರೆ ಗಂಟೆಗೆ ಎಂಟುನೂರಕ್ಕಿಂತ ಜಾಸ್ತಿ.

ಆದರೆ ನನಗೆ ನಿಜವಾಗಿ ಬೇಜಾರಾದದ್ದು ಇಳಿದ ಮೇಲಿನ ಪ್ರಯಾಣ ನೋಡಿ. ಬೆಳಗಿನ ಜಾವ ಇಳಿದು, ಇಮಿಗ್ರೇಷನ್ ಮುಗಿಸಿ, ಲಗೇಜ್ ತಗೊಂಡು, ಕಾರು ಹತ್ತಿ, ತುಮಕೂರು, ತರೀಕೆರೆ, ಶಿವಮೊಗ್ಗ ದಾಟಿ, ಆಮೇಲೆ ಗಾಜನೂರು, ಮಂಡಗದ್ದೆಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಅಕ್ಕ ಮನೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತೂ ಮೀರಿತ್ತು. ಅರ್ಧ ಭೂಮಿ ಸುತ್ತಿ ಬಂದವಳಿಗೆ ಸುಸ್ತಾದದ್ದು ಈ ರಸ್ತೆಯಲ್ಲೇ ಅಂತೆ! ಟಿಕೆಟ್ ನೋಡುವಾಗ ನಾವು ವಿಮಾನದ ಗಂಟೆ ಮಾತ್ರ ಎಣಿಸುತ್ತೇವೆ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು ಅನ್ನುವುದೇ ಮುಖ್ಯ, ಅಲ್ವಾ?

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಗಿ, 2023ರ ಆಗಸ್ಟ್ 31ರಂದು ಬೆಂಗಳೂರಿಂದ ಮೊದಲ ಪ್ರಯಾಣಿಕರ ವಿಮಾನ ಇಳಿದಾಗಿನಿಂದ ನಮ್ಮಂಥವರಿಗೆ ಅನುಕೂಲವಾಗಿದೆ. ರಸ್ತೆಯಲ್ಲಿ ಐದಾರು ಗಂಟೆ ಹಿಡಿಯುವ ಕಡೆ ಒಂದು ಗಂಟೆಯ ಹಾರಾಟ ಸಾಕು. ಅಕ್ಕ ಬಂದಿಳಿದ ಹೊತ್ತಿಗೆ ಸರಿಹೊಂದುವ ವಿಮಾನ ಸಿಗಲಿಲ್ಲ, ಅಷ್ಟೇ. ಅವಳು ವಾಪಸ್ ಹೋಗುವಾಗ ಸೋಗಾನೆಯಿಂದಲೇ ಹತ್ತಿಸಬೇಕು, ನಡುವೆ ಸಾಕಷ್ಟು ಸಮಯ ಇಟ್ಟೇ ಟಿಕೆಟ್ ಮಾಡಿಸು ಅಂತ ಅಪ್ಪಯ್ಯ ಈಗಾಗಲೇ ಹೇಳಿಬಿಟ್ಟಿದ್ದಾರೆ.